ಹ್ವಾಲ್ಸೆ ಚರ್ಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀನ್‌ಲ್ಯಾಂಡಿನ ದಕ್ಷಿಣದಲ್ಲಿ, ಕಡಲಚಾಚೊಂದರ ದಡದಲ್ಲಿ, ಸೂರಿಲ್ಲದೆ ನಿಂತಿರುವ ಹ್ವಾಲ್ಸೆ ಚರ್ಚಿನ ಬಗ್ಗೆ ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಮೊದಲು ಸುಲಭದವು, ಆಮೇಲೆ ಕಲ್ಲು, ಗಾರೆ, ದಾಖಲೆಗಳ ವಿಚಾರ.

## ಮೊದಲು ತಿಳಿಯಬೇಕಾದವು

ಇದು ಎಲ್ಲಿದೆ? ದ್ವೀಪದ ಮೇಲಿದೆ ಅಂತಾರಲ್ಲ, ಯಾವ ದ್ವೀಪ?

ಜಗತ್ತಿನ ಅತಿ ದೊಡ್ಡ ದ್ವೀಪವಾದ ಗ್ರೀನ್‌ಲ್ಯಾಂಡಿನಲ್ಲಿ, ಕಾಕೊರ್ತೊಕ್ ಪಟ್ಟಣದಿಂದ ಈಶಾನ್ಯಕ್ಕೆ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಗೊಂದಲ ಹುಟ್ಟುವುದು ಹೆಸರಿನಿಂದ. ಹ್ವಾಲ್ಸೆ ಅಂದರೆ ತಿಮಿಂಗಿಲ ದ್ವೀಪ. ಆ ಹೆಸರು ಎದುರಿನ ನೀರಿನಲ್ಲಿರುವ ದ್ವೀಪದ್ದು. ಚರ್ಚು ಇರುವುದು ಈಚೆ ದಡದಲ್ಲಿ. ಇಲ್ಲಿಗೆ ಮೊದಲು ನೆಲೆಸಲು ಬಂದ ತೋರ್ಕೆಲ್ ಫಾರ್ಸೆರ್ಕ್ ಎಂಬಾತ, ಮನೆಗೆ ಬಂದ, ಈ ನಾಡಿನಲ್ಲಿ ಐಸ್‌ಲ್ಯಾಂಡಿನವರ ನೆಲೆ ಶುರು ಮಾಡಿದ ಎರಿಕ್ ದ ರೆಡ್‌ಗೆ ಊಟ ಹಾಕಲು, ಹತ್ತಿರ ದೋಣಿ ಇಲ್ಲದ್ದರಿಂದ ಆ ದ್ವೀಪಕ್ಕೆ ಈಜಿ ಹೋಗಿ ವಯಸ್ಸಾದ ಟಗರೊಂದನ್ನು ಬೆನ್ನ ಮೇಲೆ ಹೊತ್ತು ಈಜಿ ತಂದನೆಂದು ಐಸ್‌ಲ್ಯಾಂಡಿನ ಹಳೆಯ ಬರಹ ಹೇಳುತ್ತದೆ. ಅಲ್ಲಿನ ನೀರು ಎಷ್ಟು ತಣ್ಣಗಿರುತ್ತದೆಂದು ಬಲ್ಲವರು ಈ ಕತೆಯನ್ನು ಕತೆಯಾಗಿಯೇ ಕೇಳುತ್ತಾರೆ. ಈಗಿನ ಗ್ರೀನ್‌ಲ್ಯಾಂಡಿಕ್ ಹೆಸರು ಕಾಕೊರ್ತುಕುಲೂಕ್. ನಕ್ಷೆಯಲ್ಲಿ ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ.

ಎಷ್ಟು ಹಳೆಯದು? ಎರಿಕ್ ದ ರೆಡ್ ಕಟ್ಟಿಸಿದ್ದಾ?

ಅಲ್ಲ. ಎರಿಕ್ ಮತ್ತು ಅವನ ಜೊತೆಯವರು ಐಸ್‌ಲ್ಯಾಂಡಿನಿಂದ ಬಂದು ನೆಲೆ ನಿಂತದ್ದು ಸುಮಾರು 985ರಲ್ಲಿ. ಈಗ ಕಾಣುವ ಕಲ್ಲಿನ ಕಟ್ಟಡ 1300ರ ಆಸುಪಾಸಿನದು, ಅಂದರೆ ಮೂರು ಶತಮಾನ ಈಚಿನದು. ಆದರೆ ಸ್ಮಶಾನ ಚರ್ಚಿಗಿಂತ ಹಳೆಯದು. ಗೋಡೆಗಳ ಅಡಿಯಲ್ಲೇ ಅದಕ್ಕಿಂತ ಮುಂಚಿನ ಗೋರಿಗಳಿವೆ. ಹಾಗಾಗಿ ಇದೇ ಜಾಗದಲ್ಲಿ ಇದಕ್ಕೂ ಮೊದಲು ಸಣ್ಣದೊಂದು ಚರ್ಚು ಇದ್ದಿರಬೇಕೆಂಬ ಊಹೆ ಸಹಜ.

ವೈಕಿಂಗ್ ಚರ್ಚ್ ಅಂತ ಬರೆದರೆ ತಪ್ಪಾ?

ಹೌದು. ಕಡಲ ದಾಳಿಗಳ ಕಾಲವಾದ ವೈಕಿಂಗ್ ಯುಗ 11ನೇ ಶತಮಾನಕ್ಕೆ ಮುಗಿಯಿತು. ಇದನ್ನು ಕಟ್ಟಿದವರು ದನ, ಕುರಿ ಸಾಕಿ ಚರ್ಚಿಗೆ ದಶಮಾಂಶ ಕೊಡುತ್ತಿದ್ದ ರೈತರು. ನಾರ್ಸ್ ಚರ್ಚ್, ಅಂದರೆ ನಾರ್ವೆ, ಐಸ್‌ಲ್ಯಾಂಡ್ ಮೂಲದ ಜನರ ಚರ್ಚ್, ಎಂದು ಬರೆಯಿರಿ, ಸಾಕು.

ಎಷ್ಟು ದೊಡ್ಡದು? ಫೋಟೋದಲ್ಲಿ ಅಂದಾಜೇ ಸಿಗಲ್ಲ.

ಹೊರ ಅಳತೆ ಸುಮಾರು 16 ಮೀಟರ್ ಉದ್ದ, 8 ಮೀಟರ್ ಅಗಲ. ಗೋಡೆಯ ದಪ್ಪ ಸುಮಾರು ಒಂದೂವರೆ ಮೀಟರ್. ಎರಡೂ ಬದಿಯ ಗೋಡೆ ಕಳೆದರೆ ಒಳಗೆ ಉಳಿಯುವುದು 13 × 5 ಮೀಟರ್, ಅಂದರೆ ಸುಮಾರು 65 ಚದರ ಮೀಟರ್ ಅಥವಾ 700 ಚದರ ಅಡಿ. ನಮ್ಮ 20 × 30 ಸೈಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹೊರಗಿನ ಒಟ್ಟು ವಿಸ್ತೀರ್ಣ 128 ಚದರ ಮೀಟರ್ ಆದ್ದರಿಂದ, ಕಟ್ಟಡ ಹಿಡಿದ ಜಾಗದಲ್ಲಿ ಹತ್ತಿರಹತ್ತಿರ ಅರ್ಧ ಬರೀ ಗೋಡೆಯೇ. ಪೂರ್ವ, ಪಶ್ಚಿಮದ ತ್ರಿಕೋನ ಗೋಡೆಗಳು ಈಗ ಸುಮಾರು 5 ಮೀಟರ್ ಎತ್ತರ ಇವೆ. ಮೂಲದಲ್ಲಿ ಇನ್ನೂ ಎರಡು ಮೀಟರಿನಷ್ಟು ಎತ್ತರವಿದ್ದಿರಬೇಕು. ಉದ್ದದ ಗೋಡೆಗಳು ಸುಮಾರು 4 ಮೀಟರ್.

ಇಷ್ಟು ಸಣ್ಣ ಚರ್ಚಿಗೆ ಇಷ್ಟು ಹೆಸರು ಯಾಕೆ?

ಎರಡು ಕಾರಣ. ಗ್ರೀನ್‌ಲ್ಯಾಂಡಿನಲ್ಲಿ ನಾರ್ಸ್ ಜನ ಕಟ್ಟಿದ್ದರಲ್ಲಿ ಇಷ್ಟು ಚೆನ್ನಾಗಿ ಉಳಿದಿರುವ ಕಟ್ಟಡ ಇನ್ನೊಂದಿಲ್ಲ. ಜೊತೆಗೆ, ಆ ಜನರ ಬಗ್ಗೆ ಸಿಕ್ಕಿರುವ ಕಟ್ಟಕಡೆಯ ಲಿಖಿತ ಸುದ್ದಿ ಈ ಚರ್ಚಿನಲ್ಲಿ 1408ರಲ್ಲಿ ನಡೆದ ಒಂದು ಮದುವೆ. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಕುಯಾತಾ ಪ್ರದೇಶದ ಐದು ಭಾಗಗಳಲ್ಲಿ ಇದೂ ಒಂದು. ಆ ಮಾನ್ಯತೆ ಸಿಕ್ಕಿದ್ದು ಚರ್ಚೊಂದಕ್ಕೇ ಅಲ್ಲ, ಹಿಮದ ಅಂಚಿನಲ್ಲಿ ನಾರ್ಸರೂ ಆಮೇಲೆ ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳಾದ ಇನ್ಯೂಟರೂ ನಡೆಸಿದ ಬೇಸಾಯಕ್ಕೆ, ಪಶುಪಾಲನೆಗೆ. ಇದನ್ನು ಮರೆತು ಚರ್ಚನ್ನಷ್ಟೇ ನೋಡಿ ಬರುವವರೇ ಹೆಚ್ಚು.

## ಹೋಗಿ ನೋಡುವವರಿಗೆ

ಬೆಂಗಳೂರಿಂದ ಹೋಗೋದಾದ್ರೆ ಷೆಂಗೆನ್ ವೀಸಾ ಸಾಕಲ್ವಾ?

ಸಾಲದು. ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ರಾಜ್ಯದ ಭಾಗವಾದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದಲ್ಲಿಲ್ಲ, ಐರೋಪ್ಯ ಒಕ್ಕೂಟದಲ್ಲೂ ಇಲ್ಲ. ಡೆನ್ಮಾರ್ಕ್ ಮೂಲಕ ಅರ್ಜಿ ಹಾಕಿ, ಗ್ರೀನ್‌ಲ್ಯಾಂಡಿಗೂ ಹೋಗುತ್ತೇನೆಂದು ಅರ್ಜಿಯಲ್ಲೇ ಬರೆದು, ಗ್ರೀನ್‌ಲ್ಯಾಂಡಿಗೆ ಮಾನ್ಯ ಎಂಬ ನಮೂದು ಪಡೆಯಬೇಕು. ಜನ ಎಡವುವ ಇನ್ನೊಂದು ಜಾಗವಿದೆ: ಕೋಪನ್‌ಹೇಗನ್ನಿನಿಂದಲೋ ಐಸ್‌ಲ್ಯಾಂಡಿನಿಂದಲೋ ಗ್ರೀನ್‌ಲ್ಯಾಂಡಿಗೆ ಹೊರಟಿರೆಂದರೆ ಷೆಂಗೆನ್ ವಲಯದಿಂದ ಹೊರಬಿದ್ದ ಹಾಗೆ. ವಾಪಸ್ ಬರುವಾಗ ಅದು ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಕನಿಷ್ಠ ಎರಡು ಪ್ರವೇಶ ಕೇಳಿ.

ಕಾಕೊರ್ತೊಕ್‌ನಿಂದ ಟ್ಯಾಕ್ಸಿ ಸಿಗುತ್ತಾ?

ರಸ್ತೆಯೇ ಇಲ್ಲ. ಗ್ರೀನ್‌ಲ್ಯಾಂಡಿನಲ್ಲಿ ಒಂದು ಪಟ್ಟಣದಿಂದ ಇನ್ನೊಂದಕ್ಕೆ ರಸ್ತೆ ಇರುವುದಿಲ್ಲ. ಓಡಾಟವೆಲ್ಲ ದೋಣಿ, ಹೆಲಿಕಾಪ್ಟರ್, ವಿಮಾನದಲ್ಲಿ. ಹ್ವಾಲ್ಸೆಗೆ ಕಾಕೊರ್ತೊಕ್‌ನಿಂದ ಮೋಟಾರ್ ದೋಣಿಯಲ್ಲಿ ಹೋಗಬೇಕು. ದೋಣಿ ಗೊತ್ತುಮಾಡುವಾಗ ದಡದಲ್ಲಿ ಎಷ್ಟು ಹೊತ್ತು ಬಿಡುತ್ತಾರೆಂದು ಮೊದಲೇ ಕೇಳಿ. ಚರ್ಚೊಂದಕ್ಕೆ ಅರ್ಧ ಗಂಟೆ ಸಾಕಾದೀತು, ಆದರೆ ಸುತ್ತಲಿನ ಮನೆ, ಕೊಟ್ಟಿಗೆ, ಉಗ್ರಾಣಗಳ ಅವಶೇಷ ನೋಡಲು ಎರಡು ಗಂಟೆ ಬೇಕು.

ಯಾವ ತಿಂಗಳು ಒಳ್ಳೆಯದು?

ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಅದಕ್ಕೂ ಮುಂಚೆ ಎರಡು ತೊಂದರೆ. ಪೂರ್ವ ಕರಾವಳಿಯಿಂದ ತೇಲಿ ಬಂದ ಕಡಲ ಮಂಜುಗಡ್ಡೆ ದಕ್ಷಿಣ ತುದಿಯನ್ನು ಸುತ್ತಿ ವಸಂತದಿಂದ ಬೇಸಿಗೆಯ ಆರಂಭದವರೆಗೆ ಈ ಕಡೆಯ ನೀರಿಗೆ ನುಗ್ಗುತ್ತದೆ. ಗಾಳಿ ತಿರುಗಿದರೆ ನೆನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ. ಎರಡನೆಯದು ಸೊಳ್ಳೆ. ಉತ್ತರ ಧ್ರುವದ ಹತ್ತಿರ ಸೊಳ್ಳೆ ಎಲ್ಲಿಂದ ಎನ್ನಬೇಡಿ, ಜೂನ್–ಜುಲೈನಲ್ಲಿ ಮುಖಕ್ಕೆ ಬಲೆ ಹಾಕಿಕೊಳ್ಳದೆ ನಿಲ್ಲುವುದು ಕಷ್ಟ. ಬೇಸಿಗೆಯಲ್ಲೂ ಉಷ್ಣಾಂಶ 10 ಡಿಗ್ರಿ ಆಸುಪಾಸಿನಲ್ಲೇ. ನೀರಿನ ಮೇಲೆ ಓಡುವ ದೋಣಿಯಲ್ಲಿ ಅದಕ್ಕಿಂತ ಬಹಳ ಚಳಿ. ಗಾಳಿ ತಡೆಯುವ ಹೊರ ಅಂಗಿ, ಉಣ್ಣೆ ಟೋಪಿ, ನೀರು ಒಳಗೆ ಬಿಡದ ಬೂಟು ಇರಲಿ. ದೋಣಿಯಿಂದ ಒದ್ದೆ ಬಂಡೆಗೆ ಕಾಲಿಡಬೇಕಾಗಬಹುದು. ಮಂಜು ಕವಿದರೆ ಪ್ರಯಾಣ ರದ್ದಾಗುತ್ತದೆ, ಆದ್ದರಿಂದ ಮರುದಿನವೇ ಹಿಂದಿರುಗುವ ವಿಮಾನ ಬುಕ್ ಮಾಡಬೇಡಿ.

ಒಳಗೆ ಹೋಗಬಹುದಾ? ಗೋಡೆ ಮೇಲೆ ಕೂತು ಫೋಟೋ ತೆಗೆದುಕೊಂಡರೆ ಏನಾಗುತ್ತೆ?

ಒಳಗೆ ಹೋಗಬಹುದು. ಗೋಡೆ ಹತ್ತಬಾರದು. ಕಾನೂನಿನಡಿ ರಕ್ಷಿತ ಜಾಗ ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯ, ಮೇಲಿನ ವರಸೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಅವುಗಳ ತೂಕ ಮತ್ತು ಸಂದಿನಲ್ಲಿ ಸಿಕ್ಕಿಸಿದ ಚಕ್ಕೆಕಲ್ಲು. ಒಂದು ಚಕ್ಕೆ ಜಾರಿದರೆ ಆ ಸಂದಿಗೆ ನೀರು ಇಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲನ್ನು ಇನ್ನಷ್ಟು ಆಚೆ ತಳ್ಳುತ್ತದೆ. ನೆಲದಿಂದ ಕಲ್ಲು, ಎಲುಬು, ಮೊಳೆ ಯಾವುದನ್ನೂ ಎತ್ತಬೇಡಿ. ಅದು ಸ್ಮಶಾನವೆಂಬುದು ನೆನಪಿರಲಿ.

ಅಲ್ಲಿ ನಿಂತು ಏನೇನು ನೋಡಬೇಕು?

ಪಶ್ಚಿಮದ ಬಾಗಿಲಿನಿಂದ ಶುರು ಮಾಡಿ. ಬಾಗಿಲ ಮೇಲೆ ಕಮಾನಿಲ್ಲ, ಅಡ್ಡಕ್ಕೆ ಮಲಗಿಸಿದ ಉದ್ದದ ಕಲ್ಲಿದೆ. ಒಳಗೆ ಬಂದು ಎದುರಿಗೆ ನೋಡಿದರೆ ಪೂರ್ವದ ಗೋಡೆಯಲ್ಲಿ, ಬಲಿಪೀಠ ಇದ್ದ ಜಾಗದ ಮೇಲೆ, ದೊಡ್ಡ ಕಿಟಕಿ. ಇದಕ್ಕೆ ಮಾತ್ರ ಕಮಾನು. ಕಿಟಕಿಗಳ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಹೊರಗೆ ಕಿರಿದು, ಒಳಕ್ಕೆ ಬರಬರುತ್ತ ಅಗಲ. ಒಂದೂವರೆ ಮೀಟರ್ ದಪ್ಪದ ಗೋಡೆಯಲ್ಲಿ ನೇರ ಕಂಡಿ ಬಿಟ್ಟರೆ ಒಳಗೆ ಬರೀ ಒಂದು ಪಟ್ಟಿ ಬೆಳಕು ಬೀಳುತ್ತದೆ. ಹೀಗೆ ಓರೆ ಮಾಡಿದರೆ ಕಂಡಿ ಚಿಕ್ಕದಿದ್ದರೂ ಬೆಳಕು ಹರಡುತ್ತದೆ, ಗಾಳಿ, ಹಿಮ ಕಡಿಮೆ ಬರುತ್ತದೆ. ಆಮೇಲೆ ದಕ್ಷಿಣ ಗೋಡೆಯ ಬಾಗಿಲು ನೋಡಿ, ಅದು ಪಾದ್ರಿಯದು. ಪಕ್ಕದ ಗೋಡೆಗಳಲ್ಲಿರುವ ಸಣ್ಣ ಗೂಡುಗಳನ್ನೂ ಬಿಡಬೇಡಿ. ಜನ ಕೂರುವ ಭಾಗಕ್ಕೂ ಬಲಿಪೀಠದ ಭಾಗಕ್ಕೂ ನಡುವೆ ಗೋಡೆ ಇಲ್ಲ, ಇಡೀ ಚರ್ಚು ಒಂದೇ ಉದ್ದನೆಯ ಕೋಣೆ. ಕೊನೆಗೆ ಹೊರಗೆ ಬಂದು ಸಾಕಣೆಮನೆಯ ಅವಶೇಷಗಳ ಕಡೆ ನಡೆಯಿರಿ. ಅಲ್ಲಿ ಸುಮಾರು 8 × 5 ಮೀಟರಿನ ಔತಣದ ಹಜಾರ ಇದೆ, ಅದರ ಕಲ್ಲಿನ ಗೋಡೆಗಳೂ ಸಾಕಷ್ಟು ನಿಂತಿವೆ.

## ಕಲ್ಲು, ಗಾರೆ, ಸೂರು

ಹಂಪಿ ಥರ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಇಟ್ಟು ಕಟ್ಟಿದ್ದಾ?

ಅಲ್ಲ, ಇಲ್ಲಿ ಗಾರೆ ಇದೆ. ಕಲ್ಲಿನ ಕೆಲಸವೂ ಬೇರೆ. ಹಂಪಿಯಲ್ಲಿ ಬಂಡೆಗೆ ಸಾಲಾಗಿ ತೂತು ಕೊರೆದು, ಬೆಣೆ ಹೊಡೆದು ಸೀಳಿದ ಗುರುತು ಎಲ್ಲೆಂದರಲ್ಲಿ ಕಾಣುತ್ತದೆ. ಹ್ವಾಲ್ಸೆಯವರು ಬೆಟ್ಟದ ಬುಡದಲ್ಲೂ ಬಯಲಲ್ಲೂ ಬಿದ್ದಿದ್ದ ಗ್ರಾನೈಟ್ ಕಲ್ಲುಗಳಲ್ಲಿ ಚಪ್ಪಟೆ ಮುಖ ಇರುವುದನ್ನು ಹುಡುಕಿ, ಆ ಮುಖ ಹೊರಗೆ ಬರುವಂತೆ ಕೂರಿಸಿದ್ದಾರೆ. ಕೆಲವು ಕಲ್ಲು ನಾಲ್ಕೈದು ಟನ್ ತೂಗುತ್ತವೆ. ಆರಿಸುವುದರಲ್ಲೇ ಅರ್ಧ ಕೆಲಸ ಮುಗಿದಿದೆ ಎನ್ನುವಷ್ಟು ಚೊಕ್ಕ ಜೋಡಣೆ.

ಗಾರೆಗೆ ಕಪ್ಪೆಚಿಪ್ಪಿನ ಸುಣ್ಣ ಬಳಸಿ ಗೋಡೆಗಳನ್ನು ಬೆಳ್ಳಗೆ ಮಾಡಿದ್ದರೆಂಬ ಅಭಿಪ್ರಾಯ ಬಹಳ ಹಿಂದಿನಿಂದ ಇದೆ. ಚಿಪ್ಪು ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಆದರೆ ಗಾರೆ ಸಂದುಗಳಿಗೆ ಮಾತ್ರ ಇತ್ತೋ, ಹೊರಮೈಗೂ ಬಳಿದಿದ್ದರೋ ಎಂಬುದು ಇತ್ಯರ್ಥವಾಗಿಲ್ಲ. ಹೊರಗೆ ಬಳಿದದ್ದು ಆರು ನೂರು ಚಳಿಗಾಲ ನಿಲ್ಲುವುದಿಲ್ಲ ಎಂಬುದಂತೂ ಸರಿ.

ಒಟ್ಟು ಎಷ್ಟು ಕಲ್ಲು ಬೇಕಾಗಿತ್ತು?

ಮೇಲಿನ ಅಳತೆಗಳಿಂದ ಲೆಕ್ಕ ಹಾಕಬಹುದು. ಗೋಡೆ ಹಿಡಿದ ಜಾಗ ಸುಮಾರು 63 ಚದರ ಮೀಟರ್. ಎತ್ತರ 4 ಮೀಟರ್ ಎಂದುಕೊಂಡರೆ 250 ಘನ ಮೀಟರ್. ಬಾಗಿಲು, ಕಿಟಕಿ, ಸಂದುಗಳನ್ನು ಕಳೆದು, ತ್ರಿಕೋನದ ಭಾಗ ಸೇರಿಸಿದರೆ 500ರಿಂದ 600 ಟನ್. ಇದು ನಮ್ಮ ಅಂದಾಜು. ಕ್ರೇನ್ ಇಲ್ಲದ ಕಾಲದಲ್ಲಿ ಅವರ ಕೈಲಿದ್ದದ್ದು ಹಾರೆಯಂಥ ಮೀಟುಗೋಲು, ಮಣ್ಣಿನ ಇಳಿಜಾರು, ಚಳಿಗಾಲದಲ್ಲಿ ಗಟ್ಟಿಯಾದ ನೆಲದ ಮೇಲೆ ಎಳೆಯುವ ಜಾರುಬಂಡಿ.

ಸೂರು ಏನಾಯ್ತು?

ಮರದ ತೊಲೆಗಳ ಮೇಲೆ ಹುಲ್ಲುಹೆಂಟೆ (ಬೇರು, ಮಣ್ಣು ಸಮೇತ ಕತ್ತರಿಸಿದ ಹುಲ್ಲು) ಹೊದಿಸಿದ ಸೂರು ಇತ್ತೆಂದು ತಿಳಿಯಲಾಗಿದೆ. ಅಲ್ಲಿ ತೊಲೆಗೆ ಆಗುವಂಥ ಮರ ಬೆಳೆಯುವುದಿಲ್ಲ. ಸೈಬೀರಿಯಾದ ನದಿಗಳಿಂದ ಕಡಲಿಗೆ ಬಿದ್ದು ತೇಲಿ ಬಂದ ದಿಮ್ಮಿ, ನಾರ್ವೆಯಿಂದ ಹಡಗಿನಲ್ಲಿ ತಂದ ಮರ, ಇವೇ ಆಧಾರ. ಅಂಥ ಕಡೆ ಖಾಲಿ ಬಿದ್ದ ಕಟ್ಟಡದ ಮರ ಹಾಗೇ ಉಳಿಯುವುದಿಲ್ಲ. ಯಾರಾದರೂ ಒಯ್ಯುತ್ತಾರೆ, ಇಲ್ಲವೇ ಕೊಳೆತು ಬೀಳುತ್ತದೆ.

ಬೇರೆ ಚರ್ಚುಗಳೆಲ್ಲ ನೆಲಸಮ, ಇದೊಂದು ಮಾತ್ರ ಹೇಗೆ ಉಳೀತು?

ಪವಾಡವೇನಿಲ್ಲ. ಬಹಳಷ್ಟು ಹಳೆಯ ಚರ್ಚುಗಳು ಹುಲ್ಲುಹೆಂಟೆ ಮತ್ತು ಮರದವು. ಕಾಸಿಯಾರ್ಸುಕ್‌ನಲ್ಲಿ 1961ರಲ್ಲಿ ಕಟ್ಟಡವೊಂದಕ್ಕೆ ಅಡಿಪಾಯ ತೋಡುವಾಗ ಸಿಕ್ಕಿದ, ಎರಿಕ್‌ನ ಹೆಂಡತಿ ತ್ಯೋದ್‌ಹಿಲ್ಡಳ ಹೆಸರಿನ ಚರ್ಚು ಅಂಥದ್ದು; ಅದರಲ್ಲಿ ಉಳಿದದ್ದು ನೆಲದ ಗುರುತು, ಗೋರಿಗಳು. ಇನ್ನು ಬಿಷಪ್ಪರ ಪೀಠವಾಗಿದ್ದ ಗಾರ್ದರ್‌ನ ದೊಡ್ಡ ಚರ್ಚು, ಈಗಿನ ಇಗಾಲಿಕುವಿನಲ್ಲಿ, ಕೆಂಪು ಮರಳುಗಲ್ಲಿನದು. 18ನೇ ಶತಮಾನದ ಕೊನೆಯಲ್ಲಿ ಅಲ್ಲಿ ಮತ್ತೆ ಜನ ನೆಲೆಸಿದಾಗ, ಕೈಗೆಟುಕುವಂತಿದ್ದ ಆ ಕಲ್ಲುಗಳಿಂದಲೇ ಮನೆ ಕಟ್ಟಿಕೊಂಡರು. ಇಗಾಲಿಕುವಿನ ಮನೆಗಳ ಗೋಡೆಯಲ್ಲಿ ಆ ಕೆಂಪು ಕಲ್ಲು ಈಗಲೂ ಕಾಣುತ್ತದೆ.

ಹ್ವಾಲ್ಸೆಯ ಕಲ್ಲು ಭಾರ, ಗಡಸು, ಆಕಾರವಿಲ್ಲದ್ದು. ಪಕ್ಕದಲ್ಲಿ ಹೊಸ ಊರೂ ಬೆಳೆಯಲಿಲ್ಲ. ಕದಿಯಲು ಲಾಭವಿಲ್ಲದ ಕಲ್ಲು, ಕದಿಯಲು ಜನವಿಲ್ಲದ ಜಾಗ: ಚರ್ಚು ಉಳಿದದ್ದಕ್ಕೆ ಕಟ್ಟಿದವರ ಕೈಚಳಕದಷ್ಟೇ ಇದೂ ಕಾರಣ.

ಗೋಡೆ ಸೊಟ್ಟಗಾಗಿದೆಯಲ್ಲ, ಭೂಕಂಪವಾ?

ಅಡಿಪಾಯದ ತಪ್ಪು. ಗೋಡೆ ಏರಿಸುವ ಮೊದಲು ಮೇಲಿನ ಹುಲ್ಲುಮಣ್ಣನ್ನು ಪೂರ್ತಿ ತೆಗೆಯಲಿಲ್ಲ, ಅಡಿಯಲ್ಲಿದ್ದ ಗೋರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಮ್ಮೆ ಅಗೆದು ತುಂಬಿದ ಮಣ್ಣು ಸುತ್ತಲಿನ ಗಟ್ಟಿ ನೆಲಕ್ಕಿಂತ ಹೆಚ್ಚು ಕುಸಿಯುತ್ತದೆ. ಅದರ ಮೇಲೆ ನೂರಾರು ಟನ್ ಕೂತರೆ ಗೋಡೆ ಒಂದು ಕಡೆ ಇಳಿದು ಓಲುವುದು ಖಚಿತ. ಇಷ್ಟು ಚೆನ್ನಾಗಿ ಕಲ್ಲು ಕೂರಿಸಬಲ್ಲವರು ಬುಡವನ್ನು ಹೀಗೆ ಬಿಟ್ಟದ್ದು ಆಶ್ಚರ್ಯವೇ. ಕಡಲ ಕಡೆಯ ಉದ್ದ ಗೋಡೆ ಅಪಾಯಕಾರಿಯಾಗಿ ವಾಲಿದ್ದರಿಂದ ಅದನ್ನು ಬೀಳದಂತೆ ಸರಿಪಡಿಸಲಾಗಿದೆ. ಅದನ್ನು ಬಿಟ್ಟರೆ ಹೊಸದಾಗಿ ಕಟ್ಟಿ ಸೇರಿಸಿದ್ದು ಹೆಚ್ಚಿಲ್ಲ.

ಇವತ್ತಿನ ಶತ್ರು ನೀರು. ಸೂರಿಲ್ಲದ ಗೋಡೆಯ ನೆತ್ತಿಯಿಂದ ಮಳೆ ಒಳಗಿಳಿದು, ಎರಡು ಮುಖಗಳ ನಡುವಿನ ತುಂಬುಮಣ್ಣನ್ನು ನಿಧಾನವಾಗಿ ತೊಳೆಯುತ್ತದೆ. ನೀರು ಹೆಪ್ಪುಗಟ್ಟಿದಾಗ ಗಾತ್ರದಲ್ಲಿ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ವರ್ಷಕ್ಕೆ ಹಲವು ಸಲ ಹೀಗೆ ಹಿಗ್ಗಿ ಕರಗಿದರೆ ಹೊರಮುಖ ಉಬ್ಬುತ್ತದೆ. ಉಬ್ಬು ಕಂಡ ಕಡೆ ಸಿಮೆಂಟ್ ತುಂಬುವುದು ಸುಲಭದ ದಾರಿ, ಆದರೆ ಕೆಟ್ಟ ದಾರಿ. ಸಿಮೆಂಟು ನೀರನ್ನು ಹೊರಗೆ ಬಿಡದೆ ಒಳಗೇ ಕಟ್ಟಿಹಾಕುತ್ತದೆ.

ಈ ಶೈಲಿ ಎಲ್ಲಿಂದ ಬಂತು?

ಗ್ರೀನ್‌ಲ್ಯಾಂಡಿಗೆ ಜನ ಬಂದದ್ದು ಐಸ್‌ಲ್ಯಾಂಡಿನಿಂದ, ಆದರೆ ಅಲ್ಲಿ ಇಂಥ ಕಲ್ಲಿನ ಚರ್ಚುಗಳಿರಲಿಲ್ಲ. ಓರೆ ಕಿಟಕಿ, ಒಂದೇ ಕೋಣೆಯ ಉದ್ದ ವಿನ್ಯಾಸ ಇವುಗಳ ನೆಂಟಸ್ತನ ಬ್ರಿಟನ್, ನಾರ್ವೆ, ನಡುವಿನ ದ್ವೀಪಗಳ ಕಡೆಗಿದೆ. ಹೋಲಿಸಿ ನೋಡುವವರು ಫಾರೊ ದ್ವೀಪಗಳ ಕಿರ್ಕ್ಯುಬೊರ್‌ನಲ್ಲಿ, 1300ರ ಹೊತ್ತಿನಲ್ಲೇ ಬಿಷಪ್ ಎರ್ಲೆಂದುರ್ ಕಾಲದಲ್ಲಿ ಶುರುವಾದ ಮ್ಯಾಗ್ನಸ್ ಚರ್ಚನ್ನು ನೋಡಬಹುದು. ಅದಕ್ಕೂ ಈಗ ಸೂರಿಲ್ಲ.

## ದಾಖಲೆ, ದಂತಕತೆ, ಕೊನೆ

1408ರ ಮದುವೆ ನಿಜವಾಗಿ ನಡೆದದ್ದು ಅಂತ ಹೇಗೆ ಹೇಳ್ತೀರಿ?

ಕಾಗದಪತ್ರ ಇದೆ. 1406ರಲ್ಲಿ ನಾರ್ವೆಯಿಂದ ಐಸ್‌ಲ್ಯಾಂಡಿಗೆ ಹೊರಟ ಹಡಗೊಂದು ದಾರಿ ತಪ್ಪಿ ಗ್ರೀನ್‌ಲ್ಯಾಂಡ್ ಮುಟ್ಟಿತು. ಅದರಲ್ಲಿದ್ದವರು ನಾಲ್ಕು ವರ್ಷ ಅಲ್ಲೇ ಉಳಿದರು. ಅವರಲ್ಲಿ ಒಬ್ಬನಾದ ತೋರ್ಸ್ಟೈನ್ ಓಲಾಫ್ಸನ್ ಮತ್ತು ಸಿಗ್ರಿದ್ ಬ್ಯೋರ್ನ್ಸ್‌ದಾತಿರ್ ಎಂಬಿಬ್ಬರು 1408ರ ಸೆಪ್ಟೆಂಬರ್ 16, ಭಾನುವಾರ, ಹ್ವಾಲ್ಸೆ ಚರ್ಚಿನಲ್ಲಿ ಮದುವೆಯಾದರು. ಆ ಹೊತ್ತಿಗೆ ವಿಜಯನಗರದಲ್ಲಿ ಒಂದನೇ ದೇವರಾಯ ಪಟ್ಟಕ್ಕೆ ಬಂದು ಎರಡು ವರ್ಷವಾಗಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಗಾರ್ದರ್‌ನ ಇಬ್ಬರು ಪಾದ್ರಿಗಳು, ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದಿದ ಮೇಲೆಯೇ ಮದುವೆ ನಡೆಯಿತೆಂದು ಪತ್ರ ಬರೆದುಕೊಟ್ಟರು. ಮಂಗಳೂರು ಕಡೆಯ ಕ್ರೈಸ್ತ ಓದುಗರಿಗೆ ಈ ಮೂರು ಪ್ರಕಟಣೆಯ ಕ್ರಮ ಪರಿಚಿತ. 1410ರಲ್ಲಿ ದಂಪತಿ ಗ್ರೀನ್‌ಲ್ಯಾಂಡ್ ಬಿಟ್ಟು, ಮುಂದೆ ಐಸ್‌ಲ್ಯಾಂಡಿನಲ್ಲಿ ನೆಲೆಸಿದರು. ಅಲ್ಲಿ 1414 ಮತ್ತು 1424ರಲ್ಲಿ, ಮದುವೆಗೆ ಬಂದಿದ್ದವರಿಂದ ಮತ್ತೆ ಸಾಕ್ಷಿ ಬರೆಸಿಕೊಳ್ಳಲಾಯಿತು. ದೂರದೂರಿನಲ್ಲಿ ಆದ ಮದುವೆ ಕ್ರಮಬದ್ಧವೆಂದು ತೋರಿಸದಿದ್ದರೆ ಆಸ್ತಿ, ವಾರಸುದಾರಿಕೆಗೆ ತೊಡಕು. ನಮಗೆ ಈ ಮದುವೆ ಗೊತ್ತಿರುವುದು ಆ ಆಸ್ತಿಯ ಎಚ್ಚರಿಕೆಯಿಂದ.

ಅಲ್ಲಿ ಮಾಟ ಮಾಡಿದ ಅಂತ ಒಬ್ಬನನ್ನು ಸುಟ್ಟರಂತೆ?

ಮದುವೆಗೆ ಒಂದು ವರ್ಷ ಮುಂಚೆ, 1407ರಲ್ಲಿ, ಕೊಲ್‌ಗ್ರಿಮ್ ಎಂಬಾತ ಮಾಟದಿಂದ ಸ್ಟೈನುನ್ ಎಂಬ ವಿವಾಹಿತೆಯನ್ನು ವಶಮಾಡಿಕೊಂಡನೆಂಬ ಆರೋಪದ ಮೇಲೆ ಅವನನ್ನು ಸುಟ್ಟು ಕೊಂದರೆಂದು ಐಸ್‌ಲ್ಯಾಂಡಿನ ವಾರ್ಷಿಕ ದಾಖಲೆಯಲ್ಲಿದೆ. ಆಕೆಯೂ ಅದೇ ಹಡಗಿನಲ್ಲಿ ಬಂದವಳು. ಗ್ರೀನ್‌ಲ್ಯಾಂಡಿನಲ್ಲಿ ನಡೆದ ಘಟನೆ ಇದು. ಹ್ವಾಲ್ಸೆ ಚರ್ಚಿನ ಅಂಗಳದಲ್ಲೇ ಎಂದು ಬಣ್ಣ ಕಟ್ಟಿ ಹೇಳುವುದನ್ನು ನಂಬಬೇಡಿ.

ಇನ್ಯೂಟ್ ಜನ ಈ ಊರನ್ನು ಸುಟ್ಟು ಹಾಕಿದರು ಅನ್ನೋದು ನಿಜವಾ?

ಹಾಗೊಂದು ಇನ್ಯೂಟ್ ಕತೆ ಇದೆ. ನಾರ್ಸ್ ಮುಖಂಡ ಉಂಗೊರ್ತೊಕ್ ಮತ್ತು ಅವನ ಎದುರಾಳಿ ಕಸಾಪಿಯ ಹಗೆ ಅದರ ವಸ್ತು. 19ನೇ ಶತಮಾನದಲ್ಲಿ ಡೆನ್ಮಾರ್ಕಿನ ಅಧಿಕಾರಿ ಹಿನ್ರಿಕ್ ರಿಂಕ್ ಇಂಥ ಕತೆಗಳನ್ನು ಸಂಗ್ರಹಿಸಿದ, ಕಾಂಗೆಕ್‌ನ ಆರೋನ್ ಚಿತ್ರ ಬರೆದ. ಆ ಚಿತ್ರಗಳು ಎಷ್ಟು ಚೆನ್ನಾಗಿವೆಯೆಂದರೆ ನೋಡಿದವರು ಘಟನೆ ನಡೆದೇ ಇತ್ತೆಂದು ತೀರ್ಮಾನಿಸುತ್ತಾರೆ. ಆದರೆ ಊರು ದಾಳಿಯಲ್ಲಿ ಮುಗಿಯಿತೆಂದು ತೋರಿಸುವ ಕುರುಹು ನೆಲದಲ್ಲಿ ಸಿಕ್ಕಿಲ್ಲ. ಡೆನ್ಮಾರ್ಕಿನ ಪುರಾತತ್ವಜ್ಞ ಆಗೆ ರೂಸೆಲ್ 1935ರಲ್ಲಿ ಇಲ್ಲಿ ಉತ್ಖನನ ನಡೆಸಿದ್ದರು.

ಹಾಗಾದರೆ ಅವರೆಲ್ಲ ಎಲ್ಲಿ ಹೋದರು?

‘ನಿಗೂಢವಾಗಿ ಮಾಯವಾದರು’ ಎಂಬ ವಿಡಿಯೋ ಶೀರ್ಷಿಕೆಗಳಿಗೆ ಇಲ್ಲಿ ಕೆಲಸವಿಲ್ಲ. ಸುಮಾರು 1450ರ ಹೊತ್ತಿಗೆ ನೆಲೆ ಖಾಲಿಯಾಯಿತು, ಕಾರಣಗಳು ಒಂದರ ಮೇಲೊಂದು ಕೂಡಿದವು. ಹವೆ ತಣ್ಣಗಾಗಿ ಹುಲ್ಲು ಕಡಿಮೆಯಾಯಿತು. ಹುಲ್ಲಿಲ್ಲದೆ ಚಳಿಗಾಲಕ್ಕೆ ಮೇವಿಲ್ಲ, ಮೇವಿಲ್ಲದೆ ದನವಿಲ್ಲ. ಎಲುಬುಗಳ ಪರೀಕ್ಷೆಯಲ್ಲಿ ಇದು ಸ್ಪಷ್ಟ: ಮೊದಲ ಪೀಳಿಗೆಗಳ ಆಹಾರದಲ್ಲಿ ಕಡಲಿನದು ಶೇಕಡ 20ರಷ್ಟಿದ್ದರೆ, ಕೊನೆಯವರಲ್ಲಿ ಶೇಕಡ 80ರಷ್ಟು. ಅವರು ಹೊರಗೆ ಮಾರುತ್ತಿದ್ದ ಮುಖ್ಯ ಸರಕು ವಾಲ್ರಸ್ ಎಂಬ ಕಡಲಪ್ರಾಣಿಯ ದಂತ. ಯುರೋಪಿಗೆ ಆನೆದಂತ ಬರತೊಡಗಿದಾಗ ಅದರ ಗಿರಾಕಿ ಕುಗ್ಗಿತು. 1349ರಲ್ಲಿ ನಾರ್ವೆಗೆ ಪ್ಲೇಗ್ ಬಂದ ಮೇಲೆ ಹಡಗುಗಳು ಅಪರೂಪವಾದವು. ಗಾರ್ದರ್‌ನಲ್ಲಿ ವಾಸವಿದ್ದ ಕೊನೆಯ ಬಿಷಪ್ ಆಲ್ಫ್ 1378ರ ಸುಮಾರಿಗೆ ತೀರಿಕೊಂಡ ಬಳಿಕ ಇನ್ನೊಬ್ಬರು ಬಂದು ನೆಲೆಸಲೇ ಇಲ್ಲ. ಇಂಥ ಕಡೆ ಮದುವೆ ವಯಸ್ಸಿನವರು ಸಿಕ್ಕ ಹಡಗು ಹತ್ತಿದರೆ ಸಾಕು, ಎರಡು ಮೂರು ತಲೆಮಾರಿನಲ್ಲಿ ಊರು ಬರಿದಾಗುತ್ತದೆ. 1721ರಲ್ಲಿ ಗ್ರೀನ್‌ಲ್ಯಾಂಡಿಗೆ ಬಂದ ಪಾದ್ರಿ ಹಾನ್ಸ್ ಎಗೆದೆ ಈ ಜನರನ್ನು ಹುಡುಕುತ್ತ 1723ರಲ್ಲಿ ಹ್ವಾಲ್ಸೆಗೂ ಬಂದ. ಕಂಡದ್ದು ಗೋಡೆಗಳು.

ಮಗಳ ಶಾಲೆಗೆ ಮಾದರಿ ಮಾಡಬೇಕು, ಅಳತೆ ಕೊಡ್ತೀರಾ?

50ಕ್ಕೆ 1ರ ಪ್ರಮಾಣ ಅನುಕೂಲ. ಹೊರಗೆ 32 × 16 ಸೆಂ.ಮೀ., ಗೋಡೆ ದಪ್ಪ 3 ಸೆಂ.ಮೀ., ಉದ್ದದ ಗೋಡೆ 8 ಸೆಂ.ಮೀ. ಎತ್ತರ, ತ್ರಿಕೋನ ಗೋಡೆಯ ತುದಿ 10 ಸೆಂ.ಮೀ. ಪೂರ್ತಿ ಚರ್ಚು ತೋರಿಸುವುದಾದರೆ ತುದಿಯನ್ನು 14 ಸೆಂ.ಮೀ.ಗೆ ಏರಿಸಿ, ಸೂರಿಗೆ ಹಸಿರು ಪಾಚಿ ಅಂಟಿಸಿ. ಥರ್ಮೋಕೋಲನ್ನು ಮೂರು ಪದರ ಅಂಟಿಸಿದರೆ ಗೋಡೆಯ ದಪ್ಪ ಸಿಗುತ್ತದೆ. ತೆಳು ರಟ್ಟಿನಲ್ಲಿ ಮಾಡಿದರೆ ಓರೆ ಕಿಟಕಿ ತೋರಿಸಲಾಗದು, ಬಹುತೇಕ ಮಾದರಿಗಳು ಕೆಡುವುದು ಅಲ್ಲೇ. ಕಿಟಕಿಯನ್ನು ಹೊರಗೆ ಕಿರಿದಾಗಿ, ಒಳಗೆ ಅದರ ಎರಡರಷ್ಟು ಅಗಲವಾಗಿ ಕೊಯ್ಯಿರಿ. ದಿಕ್ಕು ತೋರಿಸುವ ಬಾಣ ಮರೆಯಬೇಡಿ. ಕಮಾನಿನ ದೊಡ್ಡ ಕಿಟಕಿ ಪೂರ್ವಕ್ಕೆ, ಜನರ ಬಾಗಿಲು ಪಶ್ಚಿಮಕ್ಕೆ.